ಬಾಣಂತಿಯ ಸಾರಿಗೆ ಬಿದ್ದ ಚೀನೀ ಬೇರು

ಅಲ್ಫಿಯಾ, ಜೈದ್, ನಾನು ಇಂಗ್ಲೆಂಡಿನಿಂದ ಹಾವೇರಿಗೆ ತಿರುಗಿ ಬಂದ ದಿನದಿಂದ ನೀವಿಬ್ಬರೂ ಕೇಳುತ್ತಲೇ ಇದ್ದೀರಿ. "ದಾದಿಮಾ, ಅಲ್ಲಿ ಹೆಂಗಿತ್ತು? ಏನೇನ್ ನೋಡಿದಿ?" ನಾನು "ಚಂದ ಇತ್ತು, ಥಂಡಿ ಇತ್ತು" ಅಂದು ಒಲೆಯ ಕಡೆ ತಿರುಗಿಬಿಡುತ್ತೇನೆ. ಸಿಟ್ಟಾಗಬೇಡಿ. ಯಾರಾದರೂ ನನ್ನ ಮುಖವನ್ನೇ ನೋಡುತ್ತ ಕೂತರೆ ನನ್ನ ಮಾತು ಗಂಟಲಲ್ಲೇ ನಿಲ್ಲುತ್ತದೆ, ಅವರು ನನ್ನ ಮೊಮ್ಮಕ್ಕಳೇ ಆದರೂ. ಬರೆಯುವುದು ಬೇರೆ. ಊರಿನ ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆವರೆಗೆ ಓದಿದವಳು ನಾನು. ಮನೆಯಲ್ಲಿ ದಖನಿ ಉರ್ದು ಆಡಿದರೂ ನನಗೆ ಗೊತ್ತಿರುವ ಅಕ್ಷರ ಕನ್ನಡದ್ದೇ. ಹಾಗಾಗಿ ನಾನೂ ನನ್ನ ಮಗಳು, ನಿಮ್ಮ ನಸ್ರೀನ್ ಫುಪ್ಪುವೂ ನಮ್ಮ ಮಾತಿನಲ್ಲಿ ಆಡಿದ್ದನ್ನೂ ಇಲ್ಲಿ ನಮ್ಮೂರ ಕನ್ನಡದಲ್ಲೇ ಬರೆಯುತ್ತೇನೆ.

ನಾನು ಹೋದದ್ದು ನಸ್ರೀನಳ ಬಾಣಂತನಕ್ಕೆ. ಅಲ್ಲಿ ನನ್ನಿಂದ ಒಂದು ತಪ್ಪಾಯಿತು. ನಿಮ್ಮ ಅಪ್ಪನಿಗೂ ಅದು ಪೂರ್ತಿ ಗೊತ್ತಿಲ್ಲ. ಊರು ನೋಡಿದ ಕಥೆಯ ಜೊತೆಗೆ ಅದನ್ನೂ ಬರೆಯುತ್ತೇನೆ. ಅದನ್ನು ಬಿಟ್ಟರೆ ನನ್ನ ಪ್ರವಾಸದಲ್ಲಿ ಉಳಿಯುವುದು ಬರೀ ಮಳೆ.

ಮ್ಯಾಂಚೆಸ್ಟರ್ ವಿಮಾನ ನಿಲ್ದಾಣ

ನನ್ನ ದೊಡ್ಡ ಪೆಟ್ಟಿಗೆಯಲ್ಲಿ ನಾಲ್ಕು ಸೀರೆ ಬಿಟ್ಟರೆ ಉಳಿದದ್ದೆಲ್ಲ ಬಾಣಂತಿಯ ಸಾಮಾನು. ಅಜವಾನ, ಸೋಂಪು, ಒಣಶುಂಠಿ, ಮೆಂತ್ಯ, ಅಂಟು, ಉತ್ತತ್ತಿ, ಕೂಸಿಗೆ ಹೊಗೆ ಹಾಕಲು ಲೋಬಾನ, ಮತ್ತೆ ಎರಡು ಡಬ್ಬಿ ತುಪ್ಪ. ಸಾಮಾನು ತಪಾಸಣೆಯ ಕಟ್ಟೆಯ ಹಿಂದೆ ಒಬ್ಬ ದಪ್ಪನೆಯ ಹೆಂಗಸು ಒಂದೊಂದೇ ಪೊಟ್ಟಣ ಬಿಚ್ಚಿ ಮೂಸಿ ನೋಡಿದಳು. ಅಜವಾನಕ್ಕೆ ಸೀನಿದಳು. ಅಂಟನ್ನು ಬೆಳಕಿಗೆ ಹಿಡಿದು ತಿರುಗಿಸಿದಳು. ನಾನು ಬುರ್ಖಾದ ತುದಿ ಹಿಡಿದುಕೊಂಡು ನಿಂತಿದ್ದೆ. ಇಂಥ ಕಡೆ ಮಾತಾಡುವ ಕೆಲಸ ಯಾವಾಗಲೂ ನಿಮ್ಮ ದಾದಾನದು. ಅಭ್ಯಾಸಬಲದಿಂದ ಎಡಗಡೆ ತಿರುಗಿ ನೋಡಿದೆ. ಅವರು ಹೋಗಿ ನಾಲ್ಕು ವರ್ಷವಾದರೂ ನನ್ನ ಕುತ್ತಿಗೆಗೆ ಇನ್ನೂ ತಿಳಿದಿಲ್ಲ.

ಕೊನೆಗೆ ಆಕೆ ಎರಡೂ ಡಬ್ಬಿ ತುಪ್ಪ ಎತ್ತಿ ಪಕ್ಕಕ್ಕಿಟ್ಟಳು. ಹೊರದೇಶದ ಹಾಲಿನ ಪದಾರ್ಥ ಒಳಗೆ ಬರುವ ಹಾಗಿಲ್ಲವಂತೆ. ನನ್ನ ಕಣ್ಣು ತುಂಬಿದ್ದು ನೋಡಿ ಮುಖ ಸಣ್ಣದು ಮಾಡಿಕೊಂಡು, "ಸಾರಿ, ಲವ್" ಅಂದಳು.

ಹೊರಗೆ ಕಾಯುತ್ತಿದ್ದ ಅಳಿಯ ಸಲೀಮನಿಗೆ ಈ ಮಾತು ಹೇಳಲೋ ಬೇಡವೋ ಅಂತ ಕಾರಿನಲ್ಲಿ ಬಹಳ ಹೊತ್ತು ಯೋಚಿಸಿ, ಕೊನೆಗೆ ಹೇಳಿದೆ. ಅವನು ನಕ್ಕ ನಗುವಿಗೆ ಕಾರೇ ಅಲುಗಿತು. "ಅಮ್ಮಿ, ಈ ಕಡೆ ಬಸ್ಸಿನವ, ಕಾಯಿಪಲ್ಲೆಯವ ಎಲ್ಲಾರೂ ಹಂಗ ಅಂತಾರ. ಅದು ನಮ್ಮ ಕಡೆ ಯವ್ವಾ, ಅಕ್ಕಾ ಅಂದಂಗ." ಇರಬಹುದು. ಆದರೆ ನಲವತ್ತು ವರ್ಷದ ಸಂಸಾರದಲ್ಲಿ ನಿಮ್ಮ ದಾದಾ ಒಮ್ಮೆಯೂ ಆಡದ ಮಾತನ್ನು ಪೊಲೀಸಿನಂಥ ಒಬ್ಬ ಹೆಂಗಸು, ಅದೂ ನನ್ನ ತುಪ್ಪ ಕಸಿದುಕೊಳ್ಳುತ್ತ, ಆಡಿಬಿಟ್ಟಳು.

ಸ್ಟಾಕ್‌ಪೋರ್ಟ್, ನಸ್ರೀನಳ ಮನೆ

ಸ್ಟಾಕ್‌ಪೋರ್ಟ್ ಮ್ಯಾಂಚೆಸ್ಟರಿಗೆ ಅಂಟಿಕೊಂಡ ಊರು. ಬೆಳಿಗ್ಗೆ ಅರ್ಧ ಊರು ರೈಲು ಹತ್ತಿ ಮ್ಯಾಂಚೆಸ್ಟರಿನ ಪಿಕಡಿಲಿಗೆ ಕೆಲಸಕ್ಕೆ ಹೋಗುತ್ತದೆ, ಸಂಜೆ ತಿರುಗಿ ಬರುತ್ತದೆ. ರೈಲು ಹೋಗುವುದು ಊರಿನ ತಲೆಯ ಮೇಲೆ, ಇಟ್ಟಂಗಿಯ ದೊಡ್ಡ ದೊಡ್ಡ ಕಮಾನುಗಳ ಮೇಲೆ. ಮನೆಗಳೂ ಅದೇ ಕೆಂಪು ಇಟ್ಟಂಗಿಯವು, ಎರಡೆರಡು ಮನೆ ಒಂದೇ ಗೋಡೆ ಹಂಚಿಕೊಂಡು ಬೆನ್ನಿಗೆ ಬೆನ್ನು ಕೊಟ್ಟು ನಿಂತಿವೆ. ನಸ್ರೀನಳ ಅಡುಗೆಮನೆಯಲ್ಲಿ ನಿಂತರೆ ಪಕ್ಕದ ಮನೆಯವರು ತರಕಾರಿ ಹೆಚ್ಚುವುದು ಕೇಳಿಸುತ್ತದೆ. ಆದರೂ ಪಕ್ಕದವರ ಹೆಸರು ನಸ್ರೀನಳಿಗೆ ಗೊತ್ತಿರಲಿಲ್ಲ. "ಹಲೋ ಅಂತೀವಿ ಅಮ್ಮಿ, ಬಿನ್ ಹೊರಗ ಇಡೋ ದಿನ." ಬಿನ್ ಅಂದರೆ ಕಸದ ಡಬ್ಬಿ. ಒಂದು ಮನೆಗೆ ನಾಲ್ಕು ಬಣ್ಣದ ನಾಲ್ಕು ಡಬ್ಬಿ, ಯಾವ ವಾರ ಯಾವುದು ಅನ್ನುವುದಕ್ಕೆ ಫ್ರಿಜ್ಜಿನ ಮೇಲೆ ಒಂದು ಪಟ್ಟಿ. ನಾನು ಇದ್ದಷ್ಟು ದಿನವೂ ಅದನ್ನು ತಪ್ಪಿಸಿದೆ.

ನಾನು ಇಳಿದ ನಾಲ್ಕನೇ ದಿನ ಆಪರೇಷನ್ ಮಾಡಿ ಕೂಸು ಮರಿಯಮ್‌ಳನ್ನು ತೆಗೆದರು. ಆಸ್ಪತ್ರೆಯಲ್ಲಿ ಹಸಿ ಬಾಣಂತಿಗೆ ಏನು ಕೊಟ್ಟರು ಗೊತ್ತೇ? ಸುಟ್ಟ ಬ್ರೆಡ್ಡು, ಗಾಜಿನ ಜಗ್ಗಿನಲ್ಲಿ ಮಂಜುಗಡ್ಡೆ ತೇಲುವ ನೀರು. ಮರುದಿನ ಎಬ್ಬಿಸಿ ನಡೆಸಿದರು. ಹೊಟ್ಟೆಗೆ ಕಟ್ಟು ಇಲ್ಲ, ಕಿವಿಗೆ ಬಟ್ಟೆ ಇಲ್ಲ. ನನ್ನ ಅಮ್ಮ ನಮ್ಮೂರಿನ ದಾಯಿ ಆಗಿದ್ದಳು, ಸುತ್ತಲ ಹಳ್ಳಿಯ ಕೂಸುಗಳೆಲ್ಲ ಅವಳ ಕೈಗೇ ಮೊದಲು ಬಂದವು. ಅವಳು ಆ ಮಂಜುಗಡ್ಡೆ ನೋಡಿದ್ದರೆ ಅಲ್ಲೇ ಕೂತು ಅತ್ತುಬಿಡುತ್ತಿದ್ದಳು.

ಮೂರನೇ ದಿನ ಮನೆಗೆ ಬಂದೆವು. ದಿನಾ ಸಂಜೆ ಏಳಕ್ಕೆ ಸಲೀಮ್ ಒಂದು ಪುಟ್ಟ ಸೂಜಿ ತೆಗೆದು ನಸ್ರೀನಳ ಹೊಟ್ಟೆಗೆ ಚುಚ್ಚುತ್ತಿದ್ದ. ನಾನು ಗೋಡೆಯ ಕಡೆ ಮುಖ ಮಾಡುತ್ತಿದ್ದೆ. "ಅಮ್ಮಿ, ಕಾಲಾಗ ರಕ್ತ ಹೆಪ್ಪುಗಟ್ಟಬಾರದು ಅಂತ ಇದು. ಆರು ವಾರ ತಗೋಬೇಕು" ಅಂತ ನಸ್ರೀನ್ ಹೇಳಿದಳು. ಅವಳು ಅಲ್ಲಿನ ಜಿಪಿ, ಅಂದರೆ ಓಣಿಯ ಜನ ಮೊದಲು ಹೋಗಿ ತೋರಿಸುವ ಡಾಕ್ಟರು. ಹೇಳಿದ್ದು ನನಗೆ ತಿಳಿಯಿತು. ತಿಳಿದೂ ಮರೆತೆ ಅನ್ನುವುದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಗೋಡೆಯಾಚೆಯ ಪೋಪೋ

ಐದನೇ ದಿನ ಕೂಸಿಗೆ ಲೋಬಾನದ ಹೊಗೆ ಹಾಕೋಣ ಅಂತ ಬಾಣಲೆಯಲ್ಲಿ ಕಾಯಿಯ ಚಿಪ್ಪು ಸುಟ್ಟು ಕೆಂಡ ಮಾಡಿದೆ. ಚಿಟಿಕೆ ಲೋಬಾನ ಉದುರಿಸಿದ್ದೇ ತಡ, ಚಾವಣಿಯಲ್ಲಿ ಏನೋ ಕಿರುಚಲು ಶುರುಮಾಡಿತು. ಮೇಲಿನ ಕೋಣೆಯಲ್ಲಿ ಇನ್ನೊಂದು. ಕೂಸು ಅತ್ತಿತು, ಸಲೀಮ್ ಸ್ನಾನದ ಮನೆಯಿಂದ ಕೂಗಿದ, ನಾನು ಬಾಣಲೆ ಹಿಡಿದು ಬಾಗಿಲು ತೆಗೆದು ಹೊರಗೆ ಓಡಿದೆ. ಅಷ್ಟರಲ್ಲಿ ಪಕ್ಕದ ಬಾಗಿಲು ತೆರೆದು ಹತ್ತಿಯ ಕೋಟು ತೊಟ್ಟ ಒಬ್ಬ ಗಿಡ್ಡನೆಯ ಚೀನೀ ಮುದುಕಿ ಅಡುಗೆಯ ಬಟ್ಟೆ ಹಿಡಿದು ಬಂದಳು. ನನ್ನನ್ನು ದಾಟಿ ಸೀದಾ ಒಳಗೆ ಹೋಗಿ, ಕುರ್ಚಿ ಎಳೆದು ಹತ್ತಿ, ಹೊಗೆ ಕಂಡರೆ ಕೂಗುವ ಚಾವಣಿಯ ಡಬ್ಬಿಗೆ ಬಟ್ಟೆಯಿಂದ ಬೀಸತೊಡಗಿದಳು. ಸದ್ದು ನಿಂತಿತು. ಇಳಿದು ಬಂದು ನನ್ನ ಬಾಣಲೆ ಮೂಸಿ, ತನ್ನ ಎದೆ ಮುಟ್ಟಿಕೊಂಡು ಚಾವಣಿ ತೋರಿಸಿ ನಕ್ಕಳು. ನಮ್ಮ ಮನೆಯಲ್ಲೂ ಹೀಗೇ ಆಯಿತು ಅನ್ನುವ ಹಾಗೆ.

ಅವಳ ಮಗಳು ಮೇ ಹಿಂದೆಯೇ ಬಂದಳು, ಹೆಗಲ ಮೇಲೆ ಎರಡು ತಿಂಗಳ ಕೂಸು. ಹಾಂಗ್‌ಕಾಂಗಿನವರಂತೆ. ಮುದುಕಿಯೂ ನನ್ನಂತೆಯೇ ಮಗಳ ಬಾಣಂತನಕ್ಕೆ ಬಂದವಳು. ತಾಯಿಯ ತಾಯಿಗೆ ಅವರು ಪೋಪೋ ಅನ್ನುತ್ತಾರೆ. ನಾನೂ ಹಾಗೇ ಕರೆದೆ.

ಮಕ್ಕಳೇ, ಅವರ ಬಾಣಂತನ ಪೂರಾ ನಮ್ಮದೇ! ತಿಂಗಳು ಪೂರ್ತಿ ಬಾಣಂತಿ ಮನೆಯಿಂದ ಹೊರಬೀಳುವ ಹಾಗಿಲ್ಲ, ತಣ್ಣೀರು ಮುಟ್ಟುವ ಹಾಗಿಲ್ಲ, ತಲೆಗೆ ಬಟ್ಟೆ, ಕಾಲಿಗೆ ಕಾಲುಚೀಲ, ಊಟದಲ್ಲಿ ಶುಂಠಿಯೋ ಶುಂಠಿ. ಮೇ ತನ್ನ ಫೋನನ್ನು ನಮ್ಮಿಬ್ಬರ ನಡುವೆ ಮೇಜಿನ ಮೇಲಿಟ್ಟಳು. ಪೋಪೋ ತನ್ನ ಮಾತಲ್ಲಿ ಹೇಳಿದರೆ ಫೋನಿನೊಳಗಿನ ಹೆಂಗಸು ಅದನ್ನು ತಿರುಗಿಸಿ ಕನ್ನಡದಲ್ಲಿ, ಶಾಲೆಯ ಪುಸ್ತಕ ಓದಿದ ಹಾಗೆ ಹೇಳುತ್ತಿದ್ದಳು. "ನನ್ನ ಮಗಳು ಐಸ್‌ಕ್ರೀಮನ್ನು ತಿನ್ನಲು ಬಯಸುತ್ತಾಳೆ. ನಾನು ಅಳುತ್ತೇನೆ." ನನಗೆ ನಗು ತಡೆಯಲಾಗಲಿಲ್ಲ. ನನ್ನ ಜೀವಮಾನದಲ್ಲಿ ಹೊರಗಿನವರ ಜೊತೆ ಅಷ್ಟು ಮಾತಾಡಿದವಳೇ ಅಲ್ಲ ನಾನು. ಆ ವಾರ ದಿನಾ ಬೆಳಿಗ್ಗೆ ಹತ್ತಕ್ಕೆ ಅವರ ಅಡುಗೆಮನೆಗೆ ಹೋಗತೊಡಗಿದೆ.

ಬೇರು

ಏಳನೇ ದಿನ ಪೋಪೋ ನಸ್ರೀನಳಿಗೆ ಅಂತ ಒಂದು ಪಾತ್ರೆ ಕೋಳಿ ಸಾರು ತಂದಳು. ನಾನು ಕೈ ಚಾಚಲೂ ಆಗದೆ ಬಿಡಲೂ ಆಗದೆ ನಿಂತೆ. ಮೇಗೆ ತಿಳಿಯಿತು. "ಹಲಾಲ್," ಅಂದಳು ಅಮ್ಮನಿಗೆ, ಆಮೇಲೆ ಅವರ ಮಾತಲ್ಲಿ ಏನೋ ವಿವರಿಸಿದಳು. ಪೋಪೋ ಸ್ವಲ್ಪವೂ ಬೇಸರ ಮಾಡಿಕೊಳ್ಳಲಿಲ್ಲ. ಮನೆಗೆ ಹೋಗಿ ಒಂದು ಗಾಜಿನ ಭರಣಿ ತಂದು ನನ್ನ ಕೈಗಿಟ್ಟಳು. ಒಳಗೆ ಒಣಗಿದ ಬೇರಿನ ತೆಳ್ಳನೆಯ ಹಳದಿ ಬಿಲ್ಲೆಗಳು. ನಿಮ್ಮದೇ ಕೋಳಿ ತಂದು, ಶುಂಠಿ, ಕೆಂಪು ಖರ್ಜೂರದ ಜೊತೆ ಇದನ್ನು ಹಾಕಿ ಕುದಿಸಿ ಅಂದಳು. ಬಾಣಂತಿಗೆ ಹೊಸ ರಕ್ತ ಹುಟ್ಟುತ್ತದೆ, ಮುಖಕ್ಕೆ ಬಣ್ಣ ಬರುತ್ತದೆ, ಸೊಂಟ ಗಟ್ಟಿಯಾಗುತ್ತದೆ. ಅವಳ ಅಮ್ಮ, ಅಮ್ಮನ ಅಮ್ಮ ಎಲ್ಲರೂ ಕುಡಿದದ್ದು.

ಮುಚ್ಚಳ ತೆಗೆದು ಮೂಸಿದೆ. ಅಜವಾನ ಮತ್ತು ಸಬ್ಬಸಿಗೆ ಸೊಪ್ಪು ಒಟ್ಟಿಗೆ ಅರೆದ ವಾಸನೆ. ನನ್ನ ಅಮ್ಮನ ಸೆರಗಿನ ವಾಸನೆ. ಇದು ನಮ್ಮದೇ ವಸ್ತು ಅಂತ ಮನಸ್ಸು ಆಗಲೇ ಒಪ್ಪಿಬಿಟ್ಟಿತು.

ಆಗ ಪೋಪೋ ಫೋನಿಗೆ ಏನೋ ಕೇಳಿದಳು. ಫೋನಿನ ಹೆಂಗಸು ಸ್ಪಷ್ಟವಾಗಿ ಕನ್ನಡದಲ್ಲಿ ಕೇಳಿದಳು: "ನಿಮ್ಮ ಮಗಳು ಬೇರೆ ಔಷಧಿಯನ್ನು ತೆಗೆದುಕೊಳ್ಳುತ್ತಿದ್ದಾಳೆಯೇ? ರಕ್ತಸ್ರಾವ ನಿಂತಿದೆಯೇ?"

ನಾನು ತಲೆಯಾಡಿಸಿದೆ. ಔಷಧಿ ಇಲ್ಲ, ಎಲ್ಲ ಚೆನ್ನಾಗಿದೆ.

ಯಾಕೆ ಹಾಗಂದೆ? ಹಸಿ ಬಾಣಂತಿಗೆ ಇಂಥದು ಆಗುತ್ತಿದೆ, ಇಂಥ ಸೂಜಿ ಹಾಕುತ್ತಿದ್ದಾರೆ ಅಂತ ಹೊರಗಿನವರ ಮುಂದೆ ಆಡಬಾರದು, ನಜರ್ ಆಗುತ್ತದೆ, ಕೆಟ್ಟ ದೃಷ್ಟಿ ತಾಗುತ್ತದೆ ಅಂತಲೇ ನಾನು ಬೆಳೆದದ್ದು. ಯಾರು ಕೇಳಿದರೂ "ಅಲ್ಲಾಹನ ದಯೆ, ಆರಾಮಿದ್ದಾಳೆ" ಅನ್ನಬೇಕು. ನಾಲಿಗೆ ತಾನಾಗಿಯೇ ಹಾಗೆ ಅಂದಿತು. ಬೇರು ಮಣ್ಣಿನಿಂದ ಬಂದದ್ದು, ಅದರಲ್ಲಿ ಹರಾಮ್ ಏನಿದೆ ಅಂತ ನಾನು ನೋಡಿದ್ದು ಅಷ್ಟೇ. ನೋಡಬೇಕಾದ್ದನ್ನು ಬಿಟ್ಟು ಮಿಕ್ಕಿದ್ದೆಲ್ಲ ನೋಡಿದೆ.

ಮಾರನೆಯ ದಿನದಿಂದ ದಿನಾ ನಾಲ್ಕು ಬಿಲ್ಲೆ ಹಾಕಿ, ನೀರು ಅರ್ಧಕ್ಕಿಳಿಯುವವರೆಗೆ ಕುದಿಸಿ, ಸಾರಿಗೆ ಸೋಸಿದೆ. ನಸ್ರೀನ್ ಕುಡಿದು, "ಏನೋ ಬ್ಯಾರೆ ರುಚಿ ಐತಲ್ಲ ಅಮ್ಮಿ?" ಅಂದಳು.

"ಬಾಣಂತಿ ಕೇಳಬಾರದು. ಕುಡಿದು ಮಲಗು" ಅಂದೆ. ನನ್ನ ಅಮ್ಮನೂ ಹಾಗೇ ಅನ್ನುತ್ತಿದ್ದಳು. ನಾನೂ ನಿಮ್ಮ ಅಪ್ಪನನ್ನು ಹೆತ್ತಾಗ ಕೇಳದೆ ಕುಡಿದಿದ್ದೆ. ನಸ್ರೀನ್ ನಕ್ಕು, ಲೋಟ ಬರಿದು ಮಾಡಿ, ನನ್ನ ತೊಡೆಯ ಮೇಲೆ ತಲೆಯಿಟ್ಟು ಮಲಗಿದಳು. ದೇಶ ಬಿಟ್ಟು ಹನ್ನೊಂದು ವರ್ಷವಾದ ಮೇಲೆ ಆ ತಲೆ ನನ್ನ ತೊಡೆಗೆ ಬಂದಿತ್ತು. ನಾನು ಎಷ್ಟು ಸುಖವಾಗಿದ್ದೆ ಅಂತ ನಿಮಗೆ ಹೇಗೆ ಹೇಳಲಿ.

ಹದಿನಾಲ್ಕನೆಯ ದಿನ

ಹದಿಮೂರನೇ ದಿನ ಹಲ್ಲುಜ್ಜುವಾಗ ಅವಳ ಒಸಡಿನಲ್ಲಿ ರಕ್ತ ಬಂತು. ಸೂಜಿ ಚುಚ್ಚಿದ ಜಾಗ ನೇರಳೆ ಹಣ್ಣಿನ ಬಣ್ಣಕ್ಕೆ ತಿರುಗಿ ಅಂಗೈಯಗಲ ಹರಡಿತು. ಕಡಿಮೆಯಾಗುತ್ತ ಬಂದಿದ್ದ ಸ್ರಾವ ಮಾರನೆಯ ಬೆಳಿಗ್ಗೆ ಹೊಸದಾಗಿ, ಕೆಂಪಗೆ ಶುರುವಾಯಿತು. ಗಂಟೆಗೊಮ್ಮೆ ಬಟ್ಟೆ ಬದಲಿಸಬೇಕಾಯಿತು.

ಆ ದಿನ ಸೂಲಗಿತ್ತಿ ಮನೆಗೆ ಬರುವ ದಿನ. ಅಲ್ಲಿನ ಸೂಲಗಿತ್ತಿ ನೀಲಿ ಅಂಗಿ ತೊಟ್ಟು, ಕಾರು ತಾನೇ ಓಡಿಸಿಕೊಂಡು ಬರುತ್ತಾಳೆ. ಹೆಸರು ಜೂಲಿ. ಕೂಸನ್ನು ತೂಗಿ, ನಸ್ರೀನಳನ್ನು ನೋಡುತ್ತಲೇ ಜೂಲಿಯ ನಗು ಮಾಯವಾಯಿತು. ನಾನು ಚಹಾದ ತಟ್ಟೆ ಹಿಡಿದು ಬಾಗಿಲಲ್ಲಿದ್ದೆ. ಜೂಲಿ ಕೇಳಿದಳು, ಬೇರೆ ಮಾತ್ರೆ ಏನಾದರೂ? ವಿಟಮಿನ್? "ಎನಿಥಿಂಗ್ ಹರ್ಬಲ್, ಲವ್?"

ಹರ್ಬಲ್ ಅನ್ನುವ ಮಾತು ನನಗೆ ಗೊತ್ತು. ನಮ್ಮ ಸೋಪಿನ ಮೇಲೆ, ಎಣ್ಣೆಯ ಬಾಟಲಿಯ ಮೇಲೆ ಬರೆದಿರುತ್ತದೆ.

"ನೋ, ನಥಿಂಗ್," ಅಂದಳು ನಸ್ರೀನ್. ಅವಳ ಮಟ್ಟಿಗೆ ಅದು ನಿಜ.

ನಾನು ಬಾಯಿ ತೆರೆಯಲಿಲ್ಲ. ಬಾಯಿ ತೆರೆದರೆ ಮಗಳು ಏನಂದುಕೊಂಡಾಳು, ಆ ಬಡಪಾಯಿ ಪೋಪೋಳನ್ನು ಯಾರು ಏನು ಮಾಡಿಯಾರು, ಇಷ್ಟಕ್ಕೂ ಬೇರಿಗೂ ಇದಕ್ಕೂ ಸಂಬಂಧವೇ ಇರಲಿಕ್ಕಿಲ್ಲ. ಮೂರೂ ಯೋಚನೆ ಒಟ್ಟಿಗೆ ಬಂದವು. ಜೂಲಿ ಆಸ್ಪತ್ರೆಗೆ ಫೋನ್ ಮಾಡಿದಳು. ನಾವೆಲ್ಲ ಅಲ್ಲಿಗೆ ಹೊರಡುವಾಗ ನಾನು ಅಡುಗೆಮನೆಗೆ ಹೋಗಿ ಭರಣಿಯನ್ನು ನನ್ನ ಚೀಲಕ್ಕೆ ಹಾಕಿಕೊಂಡೆ. ಯಾಕೆ ಅಂತ ಆಗ ನನಗೇ ಗೊತ್ತಿರಲಿಲ್ಲ. ಅಲ್ಲಿ ಬಿಟ್ಟು ಹೋಗಲು ಆಗಲಿಲ್ಲ.

ಆಸ್ಪತ್ರೆ

ಪರದೆ ಎಳೆದ ಮಂಚದ ಮೇಲೆ ನಸ್ರೀನ್ ಮಲಗಿದ್ದಳು. ಸಲೀಮ್ ಕೂಸನ್ನೆತ್ತಿಕೊಂಡು ಹೊರಗೆ ಓಡಾಡುತ್ತಿದ್ದ. ಒಬ್ಬಳು ಎಳೆಯ ಡಾಕ್ಟರು ಬಂದು, ಒಳಗೆ ಏನಾದರೂ ಚೂರು ಉಳಿದಿರಬಹುದು, ಸ್ಕ್ಯಾನ್ ಮಾಡಿ ನೋಡಿ, ಬೇಕಾದರೆ ಮತ್ತೆ ಆಪರೇಷನ್ ಕೋಣೆಗೆ ಒಯ್ಯಬೇಕಾದೀತು ಅಂದಳು. ನಸ್ರೀನ್ ನನಗೆ ಅದನ್ನು ಹೇಳುವಾಗ ತುಟಿ ಬಿಳಿಚಿತ್ತು. ಡಾಕ್ಟರೇ ಆದ ನನ್ನ ಮಗಳು ಹೆದರಿದ್ದಳು. ಡಾಕ್ಟರು ಕಾಗದ ನೋಡುತ್ತ ಮತ್ತೆ ಅದೇ ಪ್ರಶ್ನೆ ಕೇಳಿದಳು. ನಸ್ರೀನ್ ಮತ್ತೆ "ನೋ" ಅಂದಳು.

ನಾನು ಎದ್ದು ನಿಂತೆ. ಚೀಲದಿಂದ ಭರಣಿ ತೆಗೆದು ಮಂಚದ ಮೇಲಿಟ್ಟೆ.

"ಐ ಗಿವ್," ಅಂದೆ. "ಶೀ ನಾಟ್ ನೋ."

ಅದು ಆ ದೇಶದಲ್ಲಿ ನಾನು ಯಾರ ಸಹಾಯವೂ ಇಲ್ಲದೆ ಆಡಿದ ಮೊದಲ ಮಾತು.

ಡಾಕ್ಟರು ಔಷಧ ವಿಭಾಗದಿಂದ ಒಬ್ಬನನ್ನು ಕರೆಸಿದಳು. ಕನ್ನಡಕದ ತೆಳ್ಳನೆಯ ಮನುಷ್ಯ. ಅವನು ಬೈಯುತ್ತಾನೆ ಅಂದುಕೊಂಡಿದ್ದೆ. ಬೈಯಲಿಲ್ಲ, ನಗಲೂ ಇಲ್ಲ. ಕುರ್ಚಿ ಎಳೆದು ನನ್ನೆದುರು ಕೂತು ಪೆನ್ನು ತೆಗೆದ. ನಡುವೆ ಮಾತು ತಿರುಗಿಸಿ ಹೇಳಬೇಕಾದವಳು ಮತ್ತಾರೂ ಅಲ್ಲ, ನಸ್ರೀನಳೇ.

"ಒಂದ್ ಸಲಕ್ಕ ಎಷ್ಟು ಹಾಕತಿದ್ದಿ, ಅಂತ ಕೇಳತಾನ."

"ನಾಕು ಬಿಲ್ಲಿ."

"ಫೋರ್ ಸ್ಲೈಸಸ್... ಎಷ್ಟೊತ್ತು ಕುದಿಸಿದಿ?"

"ನೀರು ಅರ್ಧ ಆಗೂ ತನಕ."

ಅವನು ಅದನ್ನೂ ಬರೆದುಕೊಂಡ. ಆಮೇಲೆ ಇನ್ನೊಂದು ಕೇಳಿದ.

"ಎಷ್ಟ್ ದಿನ?"

"ಆರು."

ಇದನ್ನು ನಸ್ರೀನ್ ಇಂಗ್ಲಿಷಿಗೆ ತಿರುಗಿಸಲಿಲ್ಲ. ನನ್ನನ್ನೇ ನೋಡಿದಳು. "ಆರ್ ದಿನಾನೂ, ಅಮ್ಮಿ?" ಅಂದಳು ಮೆಲ್ಲಗೆ. ಆಮೇಲೆ ಮುಖ ತಿರುಗಿಸಿ, "ಸಿಕ್ಸ್ ಡೇಸ್," ಅಂದಳು.

ಅವನು ಹೇಳಿದ್ದನ್ನು ನಸ್ರೀನಳ ಬಾಯಿಂದ ಕೇಳಿದಷ್ಟು ಬರೆಯುತ್ತೇನೆ. ಆ ಬೇರಿಗೆ ಡಾಂಗ್ ಕ್ವಾಯ್ ಅಂತ ಹೆಸರು. ಚೀನೀ ಹೆಂಗಸರು ಮುಟ್ಟಿನ ನೋವಿಗೆ, ಹೆರಿಗೆಯ ನಂತರದ ನಿತ್ರಾಣಕ್ಕೆ ಬಹಳ ಕಾಲದಿಂದ ಬಳಸುತ್ತಾರೆ. ಗುಣ ಎಷ್ಟು ಅನ್ನುವುದಕ್ಕೆ ಗಟ್ಟಿ ಪುರಾವೆ ಕಡಿಮೆ. ಎಷ್ಟೋ ಜನಕ್ಕೆ ಅದರಿಂದ ಏನೂ ತೊಂದರೆ ಆಗುವುದಿಲ್ಲ. ಆದರೆ ಅದು ರಕ್ತವನ್ನು ತೆಳುವಾಗಿಸಬಹುದು. ಸೂಜಿಯ ಔಷಧಿಯದೂ ಅದೇ ಕೆಲಸ. ಎರಡೂ ಸೇರಿದರೆ ರಕ್ತ ನಿಲ್ಲುವುದು ಕಷ್ಟವಾದೀತು. ಬಸುರಿಯರಿಗೆ, ಆಪರೇಷನ್ ಆಗಬೇಕಾದವರಿಗೆ ಕೊಡಬಾರದು. ಹಾಲೂಡುವ ತಾಯಿಯಿಂದ ಕೂಸಿಗೆ ಎಷ್ಟು ಹೋಗುತ್ತದೆ ಅಂತ ಸರಿಯಾಗಿ ಗೊತ್ತಿಲ್ಲ, ಅದಕ್ಕೇ ಬೇಡ. ಈಗ ಆದದ್ದು ಬೇರಿನಿಂದಲೇ ಅಂತ ಖಂಡಿತ ಹೇಳಲಾರೆ, ಆದರೆ ನೀವು ಹೇಳಿದ್ದು ಬಹಳ ಒಳ್ಳೆಯದಾಯಿತು ಅಂದ. ಕೊನೆಯ ಮಾತನ್ನು ನಸ್ರೀನ್ ತಿರುಗಿಸಿ ಹೇಳಲಿಲ್ಲ. ಅವನು ನನ್ನ ಕಡೆ ನೋಡಿ ತಲೆ ಬಾಗಿಸಿದ್ದರಿಂದ ತಿಳಿಯಿತು.

ಸ್ಕ್ಯಾನಿನಲ್ಲಿ ಒಳಗೆ ಏನೂ ಉಳಿದಿರಲಿಲ್ಲ. ಆ ಸಂಜೆಯ ಸೂಜಿ ನಿಲ್ಲಿಸಿದರು, ರಕ್ತ ಪರೀಕ್ಷೆ ಮಾಡಿದರು. ಮರುದಿನ ಮಧ್ಯಾಹ್ನದ ಹೊತ್ತಿಗೆ ಸ್ರಾವ ತಗ್ಗಿತು. ಆಪರೇಷನ್ ಕೋಣೆಯ ಮಾತು ಯಾರೂ ಎತ್ತಲಿಲ್ಲ. ನಾನು ಆಸ್ಪತ್ರೆಯ ಪ್ರಾರ್ಥನೆಯ ಕೋಣೆಯಲ್ಲಿ ಸಜ್ದಾದಲ್ಲಿ ನೆಲಕ್ಕೆ ಹಣೆಯಿಟ್ಟವಳು ಬಹಳ ಹೊತ್ತು ಏಳಲಿಲ್ಲ.

ಮತ್ತೆ ಮನೆ

"ನೀ ಹೇಳಬೇಕಿತ್ತು," ಅಂದಳು ನಸ್ರೀನ್, ಮನೆಗೆ ಬಂದ ಮೇಲೆ.

"ಹೇಳಿದ್ರ ನೀ ಕುಡೀತಿರಲಿಲ್ಲ."

"ಅದಕ್ಕ ಹೇಳಬೇಕಿತ್ತು."

ಅಷ್ಟೇ. ಜಗಳವಾಗಿದ್ದರೆ ಚೆನ್ನಾಗಿತ್ತು. ಅವಳು ನನ್ನ ಕೈಯ ಊಟ ಬಿಟ್ಟಳು. ಬಿಟ್ಟೆ ಅಂತ ಹೇಳಲಿಲ್ಲ. "ಈಗ ಹಸಿವಿಲ್ಲ ಅಮ್ಮಿ" ಅನ್ನುವಳು. ಆಮೇಲೆ ಸಲೀಮ್ ಅಂಗಡಿಯ ಡಬ್ಬಿ ಸೂಪನ್ನು ಬಿಸಿ ಮಾಡಿ ಕೋಣೆಗೆ ಒಯ್ಯುವನು, ನನ್ನ ಮುಖ ನೋಡದೆ. ನಾನು ಅಡುಗೆ ಮಾಡುವುದು ಬಿಡಲಿಲ್ಲ. ಮಾಡಿದ್ದನ್ನು ಸಲೀಮನೂ ನಾನೂ ತಿಂದೆವು. ಮಾತು ಬಾರದ ದೇಶಕ್ಕೆ ಮಗಳಿಗೆ ಉಣಿಸಲೆಂದು ಬಂದು, ಮಗಳು ನನ್ನ ಕೈಗೆ ಅಂಜುವ ಹಾಗೆ ಮಾಡಿಕೊಂಡೆನಲ್ಲ ಅಂತ ಒಳಗೇ ಕುದಿದೆ. ವಾರಗಟ್ಟಲೆ ಹಾಗೇ ಹೋಯಿತು.

ಪೋಪೋಳ ಮನೆಗೂ ಹೋಗಲಿಲ್ಲ. ಗೋಡೆಯಾಚೆ ಅವಳು ತರಕಾರಿ ಹೆಚ್ಚುವುದು ಕೇಳುತ್ತಿತ್ತು. ಒಂದು ದಿನ ಅವಳೇ ಬಂದಳು, ಬರಿಗೈಲಿ, ಫೋನ್ ಹಿಡಿದ ಮೇ ಜೊತೆ. ಸಲೀಮ್ ಅವರಿಗೆ ವಿಷಯ ತಿಳಿಸಿದ್ದ.

"ನಾನು ನಿಮ್ಮನ್ನು ಕೇಳಿದ್ದೆ," ಅಂದಿತು ಫೋನು. "ನೀವು ಇಲ್ಲ ಎಂದು ಹೇಳಿದಿರಿ."

ನಾನು ನಜರ್ ವಿಷಯ ಹೇಳಿದೆ. ಫೋನಿನ ಹೆಂಗಸಿಗೆ ಅದನ್ನು ತಿರುಗಿಸಿ ಹೇಳಲು ಬಂತೋ ಇಲ್ಲವೋ, ಪೋಪೋ ಮೇಯ ಹೆಗಲ ಮೇಲಿದ್ದ ತನ್ನ ಮೊಮ್ಮಗಳ ಅಂಗಿಯ ತೋಳು ಸರಿಸಿ ಮುಂಗೈಗೆ ಕಟ್ಟಿದ ಕೆಂಪು ದಾರ ತೋರಿಸಿದಳು. ಆಮೇಲೆ ನನ್ನ ಕೈ ಹಿಡಿದಳು. "ನಿಮ್ಮ ಮಗಳಿಗೆ ಏನಾದರೂ ಆಗಿದ್ದರೆ," ಅಂದಿತು ಫೋನು ಅದೇ ಪಾಠ ಓದುವ ದನಿಯಲ್ಲಿ, "ಈ ಗೋಡೆಯ ಪಕ್ಕದಲ್ಲಿ ನಾನು ಹೇಗೆ ಮಲಗುತ್ತಿದ್ದೆ?" ಇಬ್ಬರೂ ಬಾಗಿಲಲ್ಲೇ ನಿಂತು ಅತ್ತೆವು. ಮೇ ಫೋನನ್ನು ಜೇಬಿಗೆ ಹಾಕಿಕೊಂಡಳು.

ಚೈನಾಟೌನ್

ಬೇರು ಕೊಂಡ ಅಂಗಡಿ ತೋರಿಸುತ್ತೇನೆ, ಬನ್ನಿ ಅಂತ ಪೋಪೋ ಹಟ ಹಿಡಿದಳು. "ಹೋಗಿ ಬಾ. ಆದ್ರ ಏನೂ ತರಬ್ಯಾಡ," ಅಂದಳು ನಸ್ರೀನ್, ಕೂಸಿನ ಬಟ್ಟೆ ಮಡಚುತ್ತ. ಮೇ ಜೊತೆ ರೈಲು ಹತ್ತಿ ಪಿಕಡಿಲಿಗೆ ಹೋಗಿ, ಅಲ್ಲಿಂದ ತುಂತುರು ಮಳೆಯಲ್ಲಿ ನಡೆದೆವು. ಕೆಂಪು ಬಂಗಾರ ಬಣ್ಣದ ದೊಡ್ಡ ಕಮಾನು ದಾಟಿದರೆ ಆ ಓಣಿಗಳಲ್ಲಿ ಇಂಗ್ಲೆಂಡೇ ಇಲ್ಲ. ತೂಗಿಬಿಟ್ಟ ಬಾತುಕೋಳಿ ನೋಡಿ ನಾನು ಕಣ್ಣು ತಗ್ಗಿಸಿ ನಡೆದೆ.

ಅಂಗಡಿಯಲ್ಲಿ ಗೋಡೆ ತುಂಬ ಪುಟ್ಟ ಪುಟ್ಟ ಖಾನೆಗಳು. ವಾಸನೆ ನಮ್ಮಲ್ಲಿ ಬೇರು-ನಾರು ಮಾರುವ ಗ್ರಂಥಿಗೆ ಅಂಗಡಿಯದೇ. ನನ್ನ ಮೊಣಕಾಲು ನೋವಿಗೆ ಏನಾದರೂ ಇದೆಯೇ ಅಂತ ಪೋಪೋ ಕೇಳಿಸಿದಳು. ಅಂಗಡಿಯ ಮುದುಕ ಖಾನೆಗೆ ಕೈ ಹಾಕಲಿಲ್ಲ. ಮೊದಲು ಕೇಳಿದ: ಯಾವ ಮಾತ್ರೆ ತಗೋತೀರಿ?

ಈ ಸಲ ನಾನು ಎಲ್ಲ ಹೇಳಿದೆ. ಬಿಪಿಯ ಮಾತ್ರೆ, ದಿನಾ ಒಂದು. ಕೆಮ್ಮಿಗೆ ಜೇಷ್ಠಮಧು ಅಗಿಯುತ್ತೇನೆ ಅಂತಲೂ ಹೇಳಿ ಚೀಲದಿಂದ ಕಡ್ಡಿ ತೆಗೆದು ತೋರಿಸಿದೆ. ಅವನು ಅದನ್ನು ನೋಡಿದ್ದೇ ಎರಡೂ ಕೈ ಅಲ್ಲಾಡಿಸಿದ. ಅದು ಅವರಲ್ಲೂ ಇದೆ, ಅರ್ಧಕ್ಕರ್ಧ ಔಷಧಿಗೆ ಅದನ್ನೇ ಬೆರೆಸುತ್ತಾರೆ. ದಿನಾ ತಿಂದರೆ ಬಿಪಿ ಏರಿಸುತ್ತದಂತೆ. ನನಗೆ ಏನೂ ಮಾರಲಿಲ್ಲ. ಯಾವ ಪುಡಿ ಕೊಂಡರೂ ಒಳಗೇನಿದೆ ಅಂತ ಮೇಲೆ ಬರೆದಿರಬೇಕು, ಚೀಟಿ ಇಲ್ಲದ್ದನ್ನು ಕೊಳ್ಳಬೇಡಿ, ಡಾಕ್ಟರಿಗೆ ತೋರಿಸದೆ ತಿನ್ನಬೇಡಿ ಅಂತ ಹೇಳಿ ಕಳಿಸಿದ. ವ್ಯಾಪಾರ ಮಾಡದೆ ಕಳಿಸಿದ ಆ ಮುದುಕ ನನಗೆ ಬಹಳ ದೊಡ್ಡವನಾಗಿ ಕಂಡ.

ಮನೆಗೆ ಬಂದು, ನಸ್ರೀನ್ ಕೇಳದಿದ್ದರೂ, ಎಲ್ಲ ಹೇಳಿದೆ. ಅವಳು ಎದ್ದು ಬಿಪಿ ಯಂತ್ರ ತಂದು ನನ್ನ ತೋಳಿಗೆ ಸುತ್ತಿದಳು. ಅಂಕೆ ನೋಡಿ ಹುಬ್ಬು ಗಂಟಿಕ್ಕಿದಳು.

"ಎಷ್ಟು ವರ್ಷದಿಂದ ಅಗೀತೀ ಇದನ್ನ?"

"ನಿಮ್ಮ ಅಬ್ಬಾ ಹೋದಾಗಿಂದ. ಮಾತಾಡಾಕ ಯಾರಿಲ್ಲ, ಗಂಟಲ ಒಣಗತೈತಿ, ಕೆಮ್ಮು ಬರತೈತಿ."

ನಸ್ರೀನ್ ಪಟ್ಟಿ ಬಿಚ್ಚುವುದನ್ನು ಮರೆತು ನನ್ನ ತೋಳು ಹಿಡಿದೇ ಕೂತಳು. "ದಿನಾ ಮೂವತ್ತ್ ಮಂದಿನ್ನ ಕೇಳತೀನಿ ಅಮ್ಮಿ, ಬ್ಯಾರೆ ಏನರ ತಗೋತೀರೇನು ಅಂತ. ನಿನ್ನ ಒಮ್ಮೆನೂ ಕೇಳಲಿಲ್ಲ ನೋಡು. ನಾಲ್ಕು ವರ್ಷ ಫೋನಿನ್ಯಾಗ ಆರಾಮಿದ್ದೀಯಾ ಅಂತೀನಿ, ಹೂಂ ಅಂತೀ, ಇಡ್ತೀನಿ."

ನಲವತ್ತನೆಯ ದಿನ

ಬಾಣಂತಿಯ ನಲವತ್ತು ದಿನದ ಚಿಲ್ಲಾ ಮುಗಿಯಿತು. ನಸ್ರೀನ್ ತಲೆಗೆ ನೀರು ಹಾಕಿಕೊಂಡು, ಒದ್ದೆ ಕೂದಲಿಗೆ ಟವಲ್ ಸುತ್ತಿ ಅಡುಗೆಮನೆಗೆ ಬಂದು ಸ್ಟೂಲಿನ ಮೇಲೆ ಕೂತಳು. ಮರಿಯಮ್ ಅವಳ ಎದೆಗೆ ಒರಗಿತ್ತು.

"ಅಮ್ಮಿ, ಕಷಾಯ ಮಾಡಿಕೊಡ್ತೀಯೇನ?"

ನಾನು ಪಾತ್ರೆಗೆ ಕೈ ಹಾಕಿದೆ.

"ನಿಲ್ಲು. ಏನೇನ್ ಹಾಕ್ತೀ, ಮೊದಲ ಹೇಳು."

ಹೇಳಿದೆ. ಒಂದೊಂದನ್ನೂ ಅಂಗೈಯಲ್ಲಿಟ್ಟು ಅವಳ ಮುಂದೆ ಹಿಡಿದೆ. ಇದು ಅಜವಾನ, ಅರ್ಧ ಚಮಚ. ಇದು ಸೋಂಪು. ಇದು ಒಣಶುಂಠಿ, ಉಗುರಿನಷ್ಟು. ಇದು ಬೆಲ್ಲ. ಅವಳು ಪ್ರತಿಯೊಂದಕ್ಕೂ ತಲೆಯಾಡಿಸಿದಳು. ಮೆಂತ್ಯಕ್ಕೆ "ಇವತ್ತು ಬ್ಯಾಡ" ಅಂದಳು, ನಾನು ತಿರುಗಿ ಡಬ್ಬಿಗೆ ಹಾಕಿದೆ. ಕುದಿಸಿ ಸೋಸಿ ಕೊಟ್ಟೆ. ಎರಡೂ ಕೈಯಲ್ಲಿ ಲೋಟ ಹಿಡಿದು, ಊದಿ ಊದಿ, ಕೊನೆಯ ಗುಟುಕಿನವರೆಗೆ ಕುಡಿದಳು. ನಾನು ಅವಳ ಗಂಟಲನ್ನೇ ನೋಡುತ್ತ ನಿಂತಿದ್ದೆ.

"ಖಾರ ಭಾಳ ಆತು," ಅಂದಳು. "ನಾಳೆ ಶುಂಠಿ ಕಡಿಮಿ ಹಾಕು."

ನಾಳೆ ಅಂದಳು, ಮಕ್ಕಳೇ.

ನಿನಗೆ ಗೊತ್ತಿರುವ ಬೇರು, ಬೀಜ, ತೊಗಟೆ, ಯಾರಿಗೆ ಎಷ್ಟು, ಯಾರಿಗೆ ಬೇಡ, ಎಲ್ಲ ಬರೆದುಕೊಡು, ನಾನು ಯಾವುದು ಸರಿ ಯಾವುದು ಅಲ್ಲ ಅಂತ ನೋಡುತ್ತೇನೆ ಅಂತ ನಸ್ರೀನಳೇ ಕೇಳಿದ್ದಾಳೆ. ಆ ಪಟ್ಟಿಯನ್ನು ಇದರ ಹಿಂದೆ ಹೊಲಿದಿದ್ದೇನೆ. ಈ ಹಾಳೆಗಳನ್ನು ಹುಳ ಹಿಡಿಯದ ಹಾಗೆ, ನೀರು ತಾಗದ ಹಾಗೆ ಇಟ್ಟುಕೊಳ್ಳಿ. ಮರಿಯಮ್‌ಗೆ ಕನ್ನಡ ಓದಲು ಬರಲಿಕ್ಕಿಲ್ಲ, ಅವಳು ದೊಡ್ಡವಳಾಗಿ ಯಾವತ್ತೋ ಇದನ್ನು ಕೇಳಿದರೆ ನೀವಿಬ್ಬರೇ ಓದಿ ಹೇಳಬೇಕು. ನಾಚಿಕೆ ಅಂತ ನನ್ನ ತಪ್ಪಿರುವ ಹಾಳೆಗಳನ್ನು ಹರಿದು ತೆಗೆಯಬೇಡಿ. ಪಟ್ಟಿಗಿಂತ ಮೊದಲು ಅವನ್ನೇ ಓದಿ.